ನಮ್ಮ ಶಾಸಕರ ಹಾಜರಿ, ಮತ, ಲೆಕ್ಕ: ಹುಡುಕಿದ್ದೆಲ್ಲಿ, ಸಿಕ್ಕಿದ್ದೇನು

ನಮ್ಮ ಕ್ಷೇತ್ರದ ಶಾಸಕರು ಯಾವ ಮಸೂದೆಗೆ ಹೌದು ಅಂದರು, ಯಾವುದಕ್ಕೆ ಬೇಡ ಅಂದರು ಅಂತ ಹುಡುಕಿ ಹೊರಟರೆ ಹೆಚ್ಚೂಕಡಿಮೆ ಏನೂ ಸಿಗುವುದಿಲ್ಲ. ಯಾರೂ ಅದನ್ನು ಮುಚ್ಚಿಟ್ಟಿಲ್ಲ. ಬರೆದೇ ಇಡುವುದಿಲ್ಲ, ಅಷ್ಟೇ. ಇದು ತಿಳಿಯುವ ಹೊತ್ತಿಗೆ ನನಗೆ ಬೇರೆ ಏನೇನು ಸಿಗುತ್ತದೆ, ಯಾವ ಕಚೇರಿಯಲ್ಲಿ ಸಿಗುತ್ತದೆ ಅನ್ನುವುದು ಸಾಕಷ್ಟು ಗೊತ್ತಾಗಿತ್ತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕಲಬುರಗಿ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ, ತಹಸೀಲ್ ಕಚೇರಿ ಎದುರಿಗೆ ನನ್ನ ಆನ್‌ಲೈನ್ ಸೆಂಟರ್ ಇದೆ. ಪಹಣಿ, ಜಾತಿ-ಆದಾಯ ಪ್ರಮಾಣ ಪತ್ರ, ಬೆಳೆ ವಿಮೆ, ಪರೀಕ್ಷೆ ಅರ್ಜಿ, ಇವೇ ದಿನದ ಕೆಲಸ. ಕ್ಷೇತ್ರದ ಹೆಸರನ್ನು ಬೇಕಂತಲೇ ಬರೆಯುತ್ತಿಲ್ಲ. ಹೆಸರು ಬಂದ ಕೂಡಲೇ ಮಾತು ಪಕ್ಷದ ಕಡೆ ತಿರುಗುತ್ತದೆ, ಲೆಕ್ಕ ಹಿಂದೆ ಉಳಿಯುತ್ತದೆ. ಕಲಬುರಗಿ ಜಿಲ್ಲೆಯಲ್ಲಿ 9 ಕ್ಷೇತ್ರ, ಬೀದರಿನಲ್ಲಿ 6, ಯಾದಗಿರಿಯಲ್ಲಿ 4. ಈ 19ರಲ್ಲಿ ನಿಮ್ಮದು ಯಾವುದಾದರೂ ದಾರಿ ಒಂದೇ.

ಶುರುವಾಗಿದ್ದು ತೊಗರಿಯಿಂದ. ನೆಟೆ ರೋಗ ಬಿದ್ದು ಹೊಲಕ್ಕೆ ಹೊಲವೇ ಒಣಗಿದ್ದ ವರ್ಷ. ಪರಿಹಾರದ ವಿಷಯ ಕೇಳಲು ಬಂದ ಕಾಕಾ ಒಬ್ಬರು, "ಯವ್ವಾ, ನಮ್ಮ ಎಮ್ಮೆಲ್ಲೆ ಸಾಹೇಬ್ರು ಬೆಂಗಳೂರಾಗ ತೊಗರಿ ಮಾತು ತೆಗ್ದಾರೇನು? ಅದ್ರಾಗ ನೋಡ್ಲಾಕ ಬರ್ತದೇನು?" ಅಂತ ಕಂಪ್ಯೂಟರ್ ಕಡೆ ಕೈ ತೋರಿಸಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಆ ದಿನ ಅಂಗಡಿಯಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.

ನೋಡಲು ಬರುತ್ತದೆ. ವಿಧಾನಸಭೆಯ ಜಾಲತಾಣದಲ್ಲಿ ಪ್ರಶ್ನೋತ್ತರಗಳು ಅಧಿವೇಶನವಾರು ಇವೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲಿ ಎದ್ದು ನಿಂತು ಉತ್ತರ ಕೊಡಬೇಕು. ಸದಸ್ಯರು ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ. ಪತ್ರಿಕೆಯವರು ಮೊದಲನೆಯದನ್ನೇ ಬರೆಯುತ್ತಾರೆ. ನನ್ನ ಅನುಭವದಲ್ಲಿ ನಮಗೆ ಜಾಸ್ತಿ ಉಪಯೋಗಕ್ಕೆ ಬರುವುದು ಎರಡನೆಯದು. ಅದರ ಜೊತೆ ಬರುವ ಅನುಬಂಧಗಳಲ್ಲಿ ತಾಲ್ಲೂಕುವಾರು ಪಟ್ಟಿ ಇರುತ್ತದೆ: ಎಷ್ಟು ಶಾಲೆಗೆ ಕೋಣೆ ಮಂಜೂರಾಗಿದೆ, ಎಷ್ಟು ಹುದ್ದೆ ಖಾಲಿ ಇದೆ, ಯಾವ ರಸ್ತೆಗೆ ಎಷ್ಟು ದುಡ್ಡು. ನಾವು ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯುವ ಮಾಹಿತಿ ಅಲ್ಲಿ ಸುಮ್ನೆ ಕೂತಿರುತ್ತದೆ. ತೊಂದರೆ ಏನೆಂದರೆ ಬಹಳಷ್ಟು ಕಡತಗಳು ಸ್ಕ್ಯಾನ್ ಮಾಡಿದ ಹಾಳೆಗಳು. ಹೆಸರು ಟೈಪ್ ಮಾಡಿ ಹುಡುಕಿದರೆ ಬರುವುದಿಲ್ಲ. ಒಂದೊಂದೇ ತೆರೆದು ಕಣ್ಣಿಂದಲೇ ಓದಬೇಕು.

ಓದಿದೆ. ನಮ್ಮ ಪಿಯು ಕಾಲೇಜಿನ ಹುಡುಗಿಯರಿಬ್ಬರು ಸಂಜೆ ಹೊತ್ತು ಬಂದು ಜೊತೆಗೆ ಓದಿದರು. ಪ್ರಶ್ನೆಗಳ ಸಂಖ್ಯೆಯನ್ನಷ್ಟೇ ಎಣಿಸಬಾರದು ಅಂತ ಆಗಲೇ ತೀರ್ಮಾನ ಮಾಡಿಕೊಂಡೆವು. ಹತ್ತು ಪ್ರಶ್ನೆ ಕೇಳಿದವರು ಹತ್ತನ್ನೂ ಯಾವುದೋ ಗುತ್ತಿಗೆ, ಯಾವುದೋ ವರ್ಗಾವಣೆ ಬಗ್ಗೆ ಕೇಳಿರಬಹುದು. ಒಂದೇ ಕೇಳಿದವರು ಹಾಸ್ಟೆಲ್ ಊಟದ ಬಗ್ಗೆ ಕೇಳಿರಬಹುದು. ಹಾಗಾಗಿ ವಿಷಯ ಬರೆದುಕೊಂಡೆವು. ತೊಗರಿ ಬಗ್ಗೆ ನಮ್ಮ ಶಾಸಕರು ಕೇಳಿದ್ದರು. ಹೌದು, ಕೇಳಿದ್ದರು. ಆ ಹಾಳೆಯನ್ನು ಪ್ರಿಂಟ್ ತೆಗೆದು ಕಾಕಾಗೆ ಕೊಟ್ಟಾಗ ಅವರು ಅದನ್ನು ಮಡಚಿ ಅಂಗಿ ಜೇಬಿನಲ್ಲಿ ಇಟ್ಟುಕೊಂಡು, "ಉತ್ರಾ ಏನ್ ಕೊಟ್ಟಾರ ಓದು" ಅಂದರು. ಉತ್ತರ ಓದಿದ ಮೇಲೆ ಅವರಿಗೆ ಬಂದ ಸಿಟ್ಟು ಶಾಸಕರ ಮೇಲಲ್ಲ, ಉತ್ತರದ ಮೇಲೆ. ಈ ವ್ಯತ್ಯಾಸ ಗೊತ್ತಾಗುವುದೇ ದೊಡ್ಡದು ಅಂತ ನನಗೆ ಅನಿಸುತ್ತದೆ.

ಹಾಜರಿಗೆ ಮಾಹಿತಿ ಹಕ್ಕು ಅರ್ಜಿಯೇ ಬೇಕಾಯಿತು. ಸಂಸದರ ಹಾಜರಿ ಸಂಸತ್ತಿನ ಜಾಲತಾಣದಲ್ಲೇ ಸಿಗುತ್ತದೆ. ಪಿಆರ್‌ಎಸ್ ಅನ್ನುವ, ಶಾಸನಸಭೆಗಳ ಕೆಲಸ ಗಮನಿಸುವ ಸಂಸ್ಥೆಯವರೂ ಅದನ್ನು ಓದಲು ಸುಲಭವಾಗುವ ಹಾಗೆ ಹಾಕುತ್ತಾರೆ. ಶಾಸಕರದ್ದು ಹಾಗೆ ಬೆರಳ ತುದಿಯಲ್ಲಿ ಸಿಗಲಿಲ್ಲ. ವಿಧಾನಸಭೆ ಸಚಿವಾಲಯದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ನಮೂನೆ ಎ ತುಂಬಿ, 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಕಳಿಸಿದೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಇದು ನೆನಪಿರಲಿ. ಹಾಜರಿ, ಪ್ರಶ್ನೆ, ಭತ್ಯೆ ಎಲ್ಲವನ್ನೂ ಒಂದೇ ಹಾಳೆಯಲ್ಲಿ ತುರುಕಿದರೆ ವಾಪಸ್ ಬರುತ್ತದೆ. 30 ದಿನದೊಳಗೆ ಉತ್ತರ ಕೊಡಬೇಕು. ಪುಟಕ್ಕೆ 2 ರೂಪಾಯಿ ಕಟ್ಟಿದೆ, ಅಧಿವೇಶನವಾರು ಹಾಜರಿ ಬಂತು.

ಆ ಹಾಳೆಯನ್ನು ಓದುವುದಕ್ಕೆ ಕೆಲವು ವಿಷಯ ಗೊತ್ತಿರಬೇಕು. ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಯಬೇಕು ಅಂತ 2005ರಲ್ಲಿ ನಮ್ಮ ರಾಜ್ಯವೇ ಕಾನೂನು ಮಾಡಿಕೊಂಡಿದೆ. ಅಷ್ಟು ದಿನ ಕೂತ ವರ್ಷಗಳು ಅಪರೂಪ. ಅಂದರೆ ನಮ್ಮ ಶಾಸಕರ ಹಾಜರಿ ನೂರಕ್ಕೆ ತೊಂಬತ್ತು ಇದ್ದರೂ ಸದನವೇ ಕಡಿಮೆ ಕೂತಿದ್ದರೆ ಆ ತೊಂಬತ್ತಕ್ಕೆ ಅರ್ಥ ಕಡಿಮೆ. ಸಂವಿಧಾನದ 190ನೇ ವಿಧಿ ಪ್ರಕಾರ ಅನುಮತಿ ಇಲ್ಲದೆ 60 ದಿನ ಸತತವಾಗಿ ಗೈರಾದ ಸದಸ್ಯರ ಸ್ಥಾನವನ್ನು ಸದನ ಖಾಲಿ ಅಂತ ಘೋಷಿಸಬಹುದು. ಆದರೆ ನಾಲ್ಕು ದಿನಕ್ಕಿಂತ ಹೆಚ್ಚು ಸತತವಾಗಿ ಮುಂದೂಡಿದ ದಿನಗಳು ಆ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಆ 60 ದಿನ ಯಾರಿಗೂ ಸುಲಭವಾಗಿ ತುಂಬುವುದಿಲ್ಲ.

ಸಹಿ ಮಾಡುವುದು ಬೇರೆ, ಕೂರುವುದು ಬೇರೆ. ಬೆಳಿಗ್ಗೆ ಸಹಿ ಹಾಕಿ ಹೊರಗೆ ಹೋದವರ ಹಾಜರಿಯೂ ಹಾಜರಿಯೇ. 2024ರಲ್ಲಿ ಸ್ಪೀಕರ್ ಯು.ಟಿ. ಖಾದರ್ ಸದಸ್ಯರು ಒಳಗೆ ಬರುವ, ಹೊರಗೆ ಹೋಗುವ ಹೊತ್ತು ದಾಖಲಿಸುವ ಎಐ ಕ್ಯಾಮೆರಾ ತಂದಿದ್ದು ಇದೇ ಕಾರಣಕ್ಕೆ. ಆ ಹೊತ್ತಿನ ಲೆಕ್ಕ ಪ್ರತಿ ಅಧಿವೇಶನ ಮುಗಿದ ಮೇಲೆ ಜನರ ಕೈಗೆ ಸಿಗಬೇಕು. ಕ್ಯಾಮೆರಾ ಇದ್ದ ಮೇಲೆ ಕೇಳುವುದರಲ್ಲಿ ತಪ್ಪೇನಿದೆ, ಅಲ್ವಾ?

ಇಲ್ಲಿ ನಮ್ಮ ಜನರ ಬಗ್ಗೆಯೂ ಒಂದು ಮಾತು ಹೇಳಬೇಕು. ಊರಿನಲ್ಲಿ ಶಾಸಕರ ಬಗ್ಗೆ ಕೇಳಿಬರುವ ದೊಡ್ಡ ದೂರು, "ನಮ್ಮ ಮದಿವಿಗೆ ಬರ್ಲಿಲ್ಲ, ಮಣ್ಣಿಗೆ ಬರ್ಲಿಲ್ಲ." ಅಧಿವೇಶನ ನಡೆಯುವಾಗ ಕೂಡ ಈ ದೂರು ನಿಲ್ಲುವುದಿಲ್ಲ. ಕಲಬುರಗಿಯಿಂದ ಬೆಂಗಳೂರು ಅಂದರೆ ಒಂದು ರಾತ್ರಿಯ ರೈಲು. ಲಗ್ನಸರಾಯಿ ದಿನಗಳಲ್ಲಿ ಶಾಸಕರು ಸದನ ಬಿಟ್ಟು ಊರಿಗೆ ಬಂದರೆ ನಾವು ಹಾರ ಹಾಕುತ್ತೇವೆ. ಸದನದಲ್ಲಿ ಕೂತರೆ ಕಾಣೆಯಾಗಿದ್ದಾರೆ ಅನ್ನುತ್ತೇವೆ. ಹಾಜರಿ ಕಡಿಮೆಯಾಗುವುದಕ್ಕೆ ಈ ಒತ್ತಡವೂ ಒಂದು ಕಾರಣ. ಹಾಜರಿ ಹಾಳೆಯನ್ನು ಅಂಗಡಿಯ ಗೋಡೆಗೆ ಅಂಟಿಸಿದಾಗ ನಾನು ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ: ಈ ದಿನಗಳಲ್ಲಿ ಅವರು ಬೆಂಗಳೂರಿನಲ್ಲೋ ಬೆಳಗಾವಿಯಲ್ಲೋ ಇರಬೇಕಾದದ್ದೇ ಸರಿ.

ಹಾಗಂತ ಹಾಜರಿ ಸದನಕ್ಕೆ ಮಾತ್ರ ಅಲ್ಲ. ತಾಲ್ಲೂಕು ಕೆಡಿಪಿ, ಅಂದರೆ ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮಗಳ ಪರಿಶೀಲನಾ ಸಭೆಗೆ ಶಾಸಕರೇ ಅಧ್ಯಕ್ಷರು. ಮೂರು ತಿಂಗಳಿಗೊಮ್ಮೆ ಎಲ್ಲ ಇಲಾಖೆಯವರನ್ನು ಕೂರಿಸಿ ಲೆಕ್ಕ ಕೇಳುವ ಸಭೆ ಅದು. ಬಗರ್ ಹುಕುಂ, ಅಂದರೆ ಮಂಜೂರಾತಿ ಇಲ್ಲದೆ ಸರ್ಕಾರಿ ಜಮೀನು ಉಳುತ್ತಿರುವವರ ಸಾಗುವಳಿ ಅರ್ಜಿಗಳನ್ನು ನೋಡುವ ಸಮಿತಿಗೂ ಅವರೇ ಅಧ್ಯಕ್ಷರು. ಬಡವರಿಗೆ ಮನೆ ಹಂಚುವ ಆಶ್ರಯ ಸಮಿತಿಯೂ ಹಾಗೇ. ಹತ್ತಾರು ವರ್ಷದಿಂದ ಉಳುತ್ತಿರುವ ಭೂಮಿಗೆ ಹಕ್ಕುಪತ್ರ ಕಾಯುತ್ತಿರುವ ಮನೆಯವರಿಗೆ ವಿಧಾನಸಭೆಯ ಹಾಜರಿಗಿಂತ ಈ ಸಮಿತಿ ಎಷ್ಟು ಸಲ ಸೇರಿತು ಅನ್ನುವುದೇ ಮುಖ್ಯ. ಸಭೆಯ ನಡಾವಳಿ ಕೊಡಿ ಅಂತ ತಾಲ್ಲೂಕು ಪಂಚಾಯಿತಿಗೆ, ತಹಸೀಲ್ದಾರರಿಗೆ ಬೇರೆ ಬೇರೆ ಅರ್ಜಿ ಹಾಕಬಹುದು. ನಡಾವಳಿಯಲ್ಲಿ ದಿನಾಂಕ, ಬಂದವರ ಹೆಸರು, ಹಿಂದಿನ ಸಭೆಯ ತೀರ್ಮಾನ ಜಾರಿಯಾಯಿತೋ ಇಲ್ಲವೋ ಎಲ್ಲ ಇರುತ್ತದೆ. ನಾನು ಇದುವರೆಗೆ ಓದಿದ ಕಾಗದಗಳಲ್ಲಿ ಇಷ್ಟು ನೇರವಾಗಿ ನಮ್ಮ ಬದುಕಿಗೆ ತಾಗುವುದು ಬೇರೆ ಇಲ್ಲ.

ಮತದ ವಿಷಯಕ್ಕೆ ಬರುತ್ತೇನೆ. ಮಸೂದೆ ಮತಕ್ಕೆ ಬಂದಾಗ ಸ್ಪೀಕರ್ ಕೇಳುತ್ತಾರೆ, ಒಪ್ಪುವವರು ಹೌದು ಅನ್ನಿ, ಒಪ್ಪದವರು ಇಲ್ಲ ಅನ್ನಿ ಅಂತ. ಯಾವ ಕಡೆ ದನಿ ಜೋರೋ ಆ ಕಡೆ ತೀರ್ಮಾನ. ಇದು ಧ್ವನಿಮತ. ಯಾರು ಏನಂದರು ಅನ್ನುವುದು ಕಡತಕ್ಕೆ ಬರುವುದಿಲ್ಲ. ಯಾರಾದರೂ ಸದಸ್ಯರು ಪಟ್ಟು ಹಿಡಿದು ಮತ ಎಣಿಕೆ ಕೇಳಿದರೆ ಮಾತ್ರ ತಲೆ ಎಣಿಸುತ್ತಾರೆ. 2019ರ ಜುಲೈ 23ರಂದು ಆಗಿನ ಮುಖ್ಯಮಂತ್ರಿ ಕುಮಾರಸ್ವಾಮಿಯವರ ವಿಶ್ವಾಸಮತದಲ್ಲಿ ಹಾಗೆ ಎಣಿಸಿದರು. ಪರವಾಗಿ 99, ವಿರುದ್ಧ 105. ರಾಜ್ಯಕ್ಕೆ ರಾಜ್ಯವೇ ಟಿವಿ ಮುಂದೆ ಕೂತು ನೋಡಿತು. ಸಾಮಾನ್ಯ ಮಸೂದೆಗೆ ಆ ಭಾಗ್ಯ ಇಲ್ಲ.

ನನ್ನನ್ನು ಇವತ್ತಿಗೂ ಕಾಡುವುದು 2025ರ ಮಾರ್ಚ್ 21. ಅಂದು ಸದನದಲ್ಲಿ ಭಾರೀ ಗದ್ದಲ. ವಿರೋಧ ಪಕ್ಷದ 18 ಸದಸ್ಯರನ್ನು ಅಮಾನತು ಮಾಡಿದ್ದೂ ಅದೇ ದಿನ. ಆ ಗದ್ದಲದ ನಡುವೆಯೇ ಮಂತ್ರಿ, ಶಾಸಕರ ಸಂಬಳ ಹೆಚ್ಚಿಸುವ ಮಸೂದೆಗಳು ಚರ್ಚೆ ಇಲ್ಲದೆ ಪಾಸಾದವು. ಶಾಸಕರ ಮೂಲ ಸಂಬಳ 40 ಸಾವಿರದಿಂದ 80 ಸಾವಿರಕ್ಕೆ ಏರಿತು. 2022ರಲ್ಲಿ ಬೇರೆ ಪಕ್ಷದ ಸರ್ಕಾರ ಇದ್ದಾಗಲೂ ಹೀಗೆಯೇ, ಗದ್ದಲದಲ್ಲಿ, ಚರ್ಚೆ ಇಲ್ಲದೆ ಸಂಬಳ ಏರಿತ್ತು. ಸಂಬಳ ಏರಿಸುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಶಾಸಕರಿಗೆ ಒಳ್ಳೆಯ ಸಂಬಳ ಇರಬೇಕು. ಆದರೆ ನಮ್ಮ ಪ್ರತಿನಿಧಿ ಅದಕ್ಕೆ ಹೌದು ಅಂದರೋ ಇಲ್ಲ ಅಂದರೋ ಅಂತ ಕೇಳುವ ಹಕ್ಕು ನನಗಿದೆ. ಉತ್ತರ ಹೇಳುವ ಕಾಗದ ಮಾತ್ರ ಎಲ್ಲೂ ಇಲ್ಲ.

ಒಂದು ಜನಸಂಪರ್ಕ ಸಭೆಯಲ್ಲಿ ನಮ್ಮ ಶಾಸಕರನ್ನೇ ಕೇಳಿದೆ. ಅವರು ಸಿಟ್ಟಾಗಲಿಲ್ಲ. "ಪಾರ್ಟಿ ವಿಪ್ ಇರ್ತದ ತಂಗಿ. ಅದನ್ನ ದಾಟಿದ್ರ ಸೀಟೇ ಹೋಗ್ತದ" ಅಂದರು. ವಿಪ್ ಅಂದರೆ ಹೀಗೇ ಮತ ಹಾಕಬೇಕು ಅಂತ ಪಕ್ಷ ಕೊಡುವ ಆದೇಶ. ಅವರು ಹೇಳಿದ್ದು ನಿಜ. 1985ರಲ್ಲಿ ಬಂದ ಸಂವಿಧಾನದ 10ನೇ ಅನುಸೂಚಿ (ಪಕ್ಷಾಂತರ ನಿಷೇಧ) ಪ್ರಕಾರ ವಿಪ್ ಮೀರಿ ಮತ ಹಾಕಿದರೆ ಸದಸ್ಯತ್ವಕ್ಕೆ ಕುತ್ತು ಬರುತ್ತದೆ. ಹಾಗಾಗಿ ಮತಕ್ಕಿಂತ ಮಾತನ್ನು ನೋಡಬೇಕು ಅಂತ ನಾನು ಅಂದುಕೊಂಡೆ. ಚರ್ಚೆಯಲ್ಲಿ ಎದ್ದು ತಮ್ಮ ಆಕ್ಷೇಪ ಹೇಳುವುದಕ್ಕೆ, ತಿದ್ದುಪಡಿ ಸೂಚಿಸುವುದಕ್ಕೆ ದಾರಿ ಇದೆ. ಸದನದ ಕಾರ್ಯಕಲಾಪದ ವರದಿಯಲ್ಲಿ ಆ ಮಾತು ಉಳಿಯುತ್ತದೆ. ಆದರೂ ಮಸೂದೆಗಳಿಗೆ ಹೆಸರುವಾರು ಮತ ದಾಖಲಾಗಬೇಕು ಅನ್ನುವ ನನ್ನ ಹಟ ಕಡಿಮೆಯಾಗಿಲ್ಲ. ಅದನ್ನೇ ಬರೆದು ಅವರ ಕೈಗೆ ಮನವಿ ಕೊಟ್ಟಿದ್ದೇವೆ.

ಇನ್ನು ದುಡ್ಡು. ಇಲ್ಲಿ ಕಾಗದ ಜಾಸ್ತಿ, ಕೆಲಸವೂ ಜಾಸ್ತಿ.

ಅವರ ಸ್ವಂತ ಆಸ್ತಿ ನೋಡಲು ಎಲ್ಲಿಗೂ ಅಲೆಯಬೇಕಿಲ್ಲ. ನಾಮಪತ್ರದ ಜೊತೆ ಕೊಡುವ ನಮೂನೆ 26ರ ಅಫಿಡವಿಟ್ ಚುನಾವಣಾ ಆಯೋಗದ ಜಾಲತಾಣದಲ್ಲಿದೆ. ಚುನಾವಣೆಗಳ ಮೇಲೆ ಕಣ್ಣಿಡುವ ಎಡಿಆರ್ ಸಂಸ್ಥೆಯ ಮೈನೇತಾ ತಾಣದಲ್ಲೂ ಇದೆ. 2002ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಂದ ಹಕ್ಕು ಇದು. ಯಾವ ಕಾಲಂ ಕೂಡ ಖಾಲಿ ಬಿಡುವ ಹಾಗಿಲ್ಲ ಅಂತ 2013ರಲ್ಲಿ ಕೋರ್ಟ್ ಹೇಳಿತು. ಆದಾಯದ ಮೂಲ ಏನು ಅನ್ನುವುದನ್ನೂ ಹೇಳಬೇಕು ಅಂತ 2018ರ ತೀರ್ಪಿನಲ್ಲಿ ಬಂತು. ಒಂದೇ ಅಫಿಡವಿಟ್ ಓದಿದರೆ ಅದು ಸುಮ್ನೆ ಸಂಖ್ಯೆಗಳ ಹಾಳೆ. 2018ರದ್ದನ್ನೂ 2023ರದ್ದನ್ನೂ ಪಕ್ಕಪಕ್ಕ ಇಟ್ಟುಕೊಂಡರೆ ಕಣ್ಣು ತೆರೆಯುತ್ತದೆ. ಭೂಮಿಯ ಬೆಲೆ ಏರಿದ್ದರೆ ಅದು ಮಾರುಕಟ್ಟೆ ಬೆಲೆ ಏರಿದ್ದರಿಂದಲೂ ಇರಬಹುದು. ಅದಕ್ಕೇ ನಾನು ಮೊದಲು ನೋಡುವುದು ಸರ್ವೆ ನಂಬರುಗಳನ್ನು. ಹೊಸ ನಂಬರ್ ಬಂದಿದೆಯಾ, ಯಾವ ವರ್ಷ ಕೊಂಡದ್ದು, ಐದು ವರ್ಷದ ತೆರಿಗೆ ವಿವರದಲ್ಲಿ ತೋರಿಸಿದ ಆದಾಯಕ್ಕೆ ಅದು ಹೊಂದುತ್ತದೆಯಾ. ಸುಳ್ಳು ಅಫಿಡವಿಟ್ಟಿಗೆ ಆರು ತಿಂಗಳವರೆಗೆ ಜೈಲು ಅಥವಾ ದಂಡ, ಅಥವಾ ಎರಡೂ ಆಗಬಹುದು.

ಅಫಿಡವಿಟ್ ಬರುವುದು ಚುನಾವಣೆಗೊಮ್ಮೆ. ನಡುವಿನ ವರ್ಷಗಳಿಗೆ ಲೋಕಾಯುಕ್ತ ಇದೆ. 1984ರ ಕಾಯ್ದೆಯ 22ನೇ ಕಲಂ ಪ್ರಕಾರ ಶಾಸಕರು ಪ್ರತಿ ವರ್ಷ ಜೂನ್ 30ರೊಳಗೆ ತಮ್ಮ, ತಮ್ಮ ಕುಟುಂಬದವರ ಆಸ್ತಿ-ಸಾಲದ ವಿವರ ಲೋಕಾಯುಕ್ತರಿಗೆ ಕೊಡಬೇಕು. ಕೊಡದೇ ಇದ್ದರೆ ಮೊದಲು ವರದಿ ಹೋಗುತ್ತದೆ. ಆಮೇಲೂ ಕೊಡದಿದ್ದರೆ ಪತ್ರಿಕೆಗಳಲ್ಲಿ ಹೆಸರು ಪ್ರಕಟವಾಗುತ್ತದೆ. ಆ ಪಟ್ಟಿ ಬಂದಾಗ ನಮ್ಮವರ ಹೆಸರು ಇದೆಯಾ ಅಂತ ನೋಡುವುದು ಈಗ ನಮ್ಮ ಅಂಗಡಿಯಲ್ಲಿ ರೂಢಿಯಾಗಿದೆ. ಚುನಾವಣೆ ಖರ್ಚಿನ ಲೆಕ್ಕ ಬೇರೆ. ವಿಧಾನಸಭೆಗೆ ಮಿತಿ 40 ಲಕ್ಷ, ಫಲಿತಾಂಶ ಬಂದ 30 ದಿನದೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಕೊಡಬೇಕು. ಅದನ್ನು ಯಾರು ಬೇಕಾದರೂ ನೋಡಬಹುದು.

ನಾನು ಜಾಸ್ತಿ ಹೊತ್ತು ಕೊಟ್ಟಿದ್ದು ಸರ್ಕಾರಿ ದುಡ್ಡಿಗೆ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ. ಕಾಮಗಾರಿ ಸೂಚಿಸುವುದು ಶಾಸಕರು, ಮಂಜೂರು ಮಾಡುವುದು ಜಿಲ್ಲಾಧಿಕಾರಿ. ನಮ್ಮ ಭಾಗದಲ್ಲಿ ಇದರ ಜೊತೆ ಇನ್ನೊಂದು ದೊಡ್ಡ ಹೊಳೆಯೇ ಹರಿಯುತ್ತದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ. ಸಂವಿಧಾನದ 98ನೇ ತಿದ್ದುಪಡಿಯಿಂದ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿ ಬಂದ ಮೇಲೆ ಹುಟ್ಟಿದ ಮಂಡಳಿ. ಏಳು ಜಿಲ್ಲೆ, 41 ವಿಧಾನಸಭಾ ಕ್ಷೇತ್ರ, ಮುಖ್ಯ ಕಚೇರಿ ಕಲಬುರಗಿಯಲ್ಲೇ. ಈಚಿನ ಬಜೆಟ್‌ಗಳಲ್ಲಿ ವರ್ಷಕ್ಕೆ 5,000 ಕೋಟಿ ಘೋಷಿಸಿದ್ದಾರೆ. ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ 2002ರ ನಂಜುಂಡಪ್ಪ ಸಮಿತಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ನಮ್ಮ ಕಲಬುರಗಿ ವಿಭಾಗದವು. ಆ ದುಡ್ಡು ಬರುತ್ತಿರುವುದು ಆ ಕಾರಣಕ್ಕೆ. ಅದಕ್ಕೇ ಅದರ ಒಂದೊಂದು ರೂಪಾಯಿಯೂ ನನಗೆ ಮುಖ್ಯ.

ಎರಡೂ ನಿಧಿಯ ಕ್ರಿಯಾ ಯೋಜನೆ ಪಟ್ಟಿ ಕೇಳಿ ಅರ್ಜಿ ಹಾಕಿದೆ. ಒಂದು ಕಚೇರಿಯಿಂದ ಅವಧಿ ಮುಗಿದರೂ ಉತ್ತರವೇ ಬರಲಿಲ್ಲ. ಹೋಗಿ ಕೇಳಿದರೆ ಗುಮಾಸ್ತರು, "ಮೇಡಂ, ನಿಮಗ್ಯಾಕ್ರೀ ಇದೆಲ್ಲ? ಯಾರ್ ಕಳ್ಸ್ಯಾರ?" ಅಂದರು. "ಯಾರೂ ಕಳ್ಸಿಲ್ರೀ ಸರ್, ಕಾರಣ ಕೇಳ್ಲಾಕ ಕಾಯ್ದೆದಾಗ ಅವಕಾಶ ಇಲ್ರಿ" ಅಂದೆ. ನಿಜವಾಗಿಯೂ ಇಲ್ಲ. ಅರ್ಜಿದಾರರು ಕಾರಣ ಹೇಳಬೇಕಿಲ್ಲ. ಪ್ರಥಮ ಮೇಲ್ಮನವಿ ಹಾಕಿದ ಮೇಲೆ ಪಟ್ಟಿ ಬಂತು. ಆಗಲೂ ಬರದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಹೋಗಬಹುದು. ಆಯೋಗದ ಪೀಠ ಕಲಬುರಗಿಯಲ್ಲೇ ಇದೆ, ಬೆಂಗಳೂರಿಗೆ ಓಡಬೇಕಿಲ್ಲ.

ಪಟ್ಟಿ ಹಿಡಿದುಕೊಂಡು ಹಳ್ಳಿ ಹಳ್ಳಿಗೆ ಹೋದೆವು. ಸಿಸಿ ರಸ್ತೆ, ಸಮುದಾಯ ಭವನ, ಬಸ್ ತಂಗುದಾಣ, ಹೈಮಾಸ್ಟ್ ದೀಪ, ಶುದ್ಧ ನೀರಿನ ಘಟಕ. ಬಹಳಷ್ಟು ಇದ್ದವು, ಚೆನ್ನಾಗಿಯೇ ಇದ್ದವು. ಅದನ್ನೂ ಬರೆದುಕೊಂಡೆವು. ಒಂದು ಊರಿನಲ್ಲಿ ಒಂದೇ ರಸ್ತೆ ಎರಡೂ ಪಟ್ಟಿಯಲ್ಲಿ ಕಂಡಿತು. ಜೊತೆಗಿದ್ದ ಹುಡುಗರು, "ಅಕ್ಕಾ, ಎರಡ ಸಲ ಬಿಲ್ ತಿಂದಾರ, ಈಗಿಂದೀಗ ವಾಟ್ಸಾಪಿಗಿ ಹಾಕ್ತೀನಿ" ಅಂದರು. ನಾನು ತಡೆದೆ. ಅಂದಾಜು ಪಟ್ಟಿ, ಅಳತೆ ಪುಸ್ತಕ (ಎಂ.ಬಿ.) ನೋಡಬೇಕು ಅಂತ ಅರ್ಜಿ ಹಾಕಿದೆವು. ಕಾಯ್ದೆಯಲ್ಲಿ ಕಾಮಗಾರಿ, ಕಡತ ಎರಡನ್ನೂ ಕಣ್ಣಾರೆ ನೋಡುವ ಹಕ್ಕಿದೆ, ಸಾಮಗ್ರಿಯ ಮಾದರಿಯನ್ನೂ ಕೇಳಬಹುದು. ಎಂ.ಬಿ. ತೆರೆದು ನೋಡಿದರೆ ಒಂದು ಹನುಮಂತ ದೇವರ ಗುಡಿಯಿಂದ ಶಾಲೆಯವರೆಗಿನ ತುಂಡು, ಇನ್ನೊಂದು ಶಾಲೆಯಿಂದ ಹೊಲದ ದಾರಿಯವರೆಗಿನ ತುಂಡು. ಟೇಪ್ ಹಿಡಿದು ಅಳೆದೆವು. ಹೊಂದಿತು. ಅದೇ ಊರಿನ ನೀರಿನ ಘಟಕದ ಕಥೆ ಬೇರೆ. ಕಾಗದದಲ್ಲಿ ಪೂರ್ಣ, ಬಿಲ್ ಪಾವತಿ ಆಗಿದೆ. ಬಾಗಿಲಿಗೆ ಮಾತ್ರ ಬೀಗ. ಊರಿನ ಹೆಣ್ಣುಮಕ್ಕಳು ಇಂದಿಗೂ ಕೊಡ ಹೊತ್ತು ಬೇರೆ ಓಣಿಗೆ ಹೋಗುತ್ತಾರೆ. ಫೋಟೊ, ದಿನಾಂಕ, ಪಾವತಿಯ ಪ್ರತಿ ಇಟ್ಟು ಮುಂದಿನ ಕೆಡಿಪಿ ಸಭೆಯಲ್ಲಿ ಈ ವಿಷಯ ತೆಗೆದುಕೊಳ್ಳಿ ಅಂತ ಶಾಸಕರಿಗೇ ಬರೆದೆವು. ತೆಗೆದುಕೊಂಡರು. ನಡಾವಳಿಯಲ್ಲಿ ದಾಖಲಾಗಿದೆ. ಘಟಕ ಇನ್ನೂ ಶುರುವಾಗಿಲ್ಲ. ಹಾಗಾಗಿ ಅದರ ಮುಂದಿನ ಸಭೆಯ ನಡಾವಳಿಗೂ ಅರ್ಜಿ ಸಿದ್ಧವಾಗಿದೆ.

ಅಪ್ಪನಿಗೆ ಮೊದಮೊದಲು ಭಯ ಇತ್ತು. "ದೊಡ್ಡವರ ಸುದ್ದಿ ನಮಗ್ಯಾಕ" ಅನ್ನುತ್ತಿದ್ದರು. ಈಗ ಹಾಳೆಗಳನ್ನು ವರ್ಷವಾರು ಜೋಡಿಸಿ ಫೈಲ್ ಮಾಡುವುದು ಅವರೇ.

ಬೀದರ್, ಯಾದಗಿರಿ ಕಡೆಯವರು ಯಾರಾದರೂ ಶುರು ಮಾಡುವುದಾದರೆ ನನ್ನ ಸಲಹೆ ಇಷ್ಟು. ಬೆಂಗಳೂರಿಗೆ ಅರ್ಜಿ ಆಮೇಲೆ ಬರೆಯಿರಿ. ಮೊದಲು ನಿಮ್ಮ ತಾಲ್ಲೂಕಿನ ಹಿಂದಿನ ಒಂದು ವರ್ಷದ ಕೆಡಿಪಿ ನಡಾವಳಿ ಕೇಳಿ. ಜೊತೆಗೆ ನಿಮ್ಮ ಒಂದೇ ಒಂದು ಗ್ರಾಮ ಪಂಚಾಯಿತಿ ವ್ಯಾಪ್ತಿಯ ಶಾಸಕರ ನಿಧಿ ಕಾಮಗಾರಿ ಪಟ್ಟಿ ಕೇಳಿ, ಬೇರೆ ಅರ್ಜಿಯಲ್ಲಿ. ಇಡೀ ಕ್ಷೇತ್ರದ್ದು ಕೇಳಿದರೆ ಕಟ್ಟುಗಟ್ಟಲೆ ಬರುತ್ತದೆ, ನೋಡುವ ಕೈ ಸಾಲುವುದಿಲ್ಲ. ಅರ್ಜಿಯ ಸ್ವೀಕೃತಿಗೆ ಸೀಲು ಹಾಕಿಸಿಕೊಳ್ಳುವುದನ್ನು ಮಾತ್ರ ಮರೆಯಬೇಡಿ. ಮೇಲ್ಮನವಿಗೆ ಅದೇ ಆಧಾರ.